ನೀರಿಂಗುವ ನೆಲಹಾಸು: ಯೋಜನೆ ಮತ್ತು ನಿರ್ವಹಣೆ

2015ರಲ್ಲಿ ಬ್ರಿಟನ್ನಿನ ಒಂದು ಕಾಂಕ್ರೀಟ್ ಕಂಪನಿಯ ವಿಡಿಯೋ ಜಗತ್ತೆಲ್ಲ ಸುತ್ತಿತು. ಪಾರ್ಕಿಂಗ್ ಜಾಗದ ನೆಲದ ಮೇಲೆ ಲಾರಿಯೊಂದು ನೀರು ಸುರಿಯುತ್ತದೆ. ಒಂದು ನಿಮಿಷಕ್ಕೆ 4,000 ಲೀಟರ್ ಸುರಿದರೂ ನೀರು ನಿಲ್ಲುವುದಿಲ್ಲ, ಹರಿಯುವುದಿಲ್ಲ, ನೆಲದೊಳಕ್ಕೆ ಇಳಿದು ಕಾಣೆಯಾಗುತ್ತದೆ. ಇದನ್ನು ಬೆಂಗಳೂರಿನ ರಸ್ತೆಗಳಿಗೆ ಯಾಕೆ ಹಾಕಬಾರದು ಎಂಬ ಪ್ರಶ್ನೆ ನಮ್ಮಲ್ಲಿ ಎದ್ದದ್ದು ಸಹಜ. ಆದರೆ ಆ ನೀರು ಹೋದದ್ದೆಲ್ಲಿಗೆ ಎನ್ನುವುದು ವಿಡಿಯೋದಲ್ಲಿ ಕಾಣುವುದಿಲ್ಲ. ಅದು ಹೋಗುವುದು ಹಾಸಿನ ಕೆಳಗಿರುವ ಜಲ್ಲಿ ತುಂಬಿದ ತೊಟ್ಟಿಗೆ. ನೀರಿಂಗುವ ನೆಲಹಾಸು ಎಂದರೆ ಅಸಲಿಗೆ ಆ ತೊಟ್ಟಿಯೇ. ನಾವು ಕಾಲಿಡುವ ಕಲ್ಲೋ ಕಾಂಕ್ರೀಟೋ ಅದರ ಮುಚ್ಚಳ. ಇಂಥ ಹಾಸು ಹಾಳಾದ ಕಡೆಯೆಲ್ಲ ಸಾಮಾನ್ಯವಾಗಿ ಮುಚ್ಚಳಕ್ಕೆ ದುಡ್ಡು ಹಾಕಿ ತೊಟ್ಟಿಯನ್ನು ಮರೆತಿರುತ್ತಾರೆ, ಇಲ್ಲವೇ ತೊಟ್ಟಿ ಕಟ್ಟಿ ಪೊರಕೆಯನ್ನು ಮರೆತಿರುತ್ತಾರೆ.

ನಮ್ಮ ಊರುಗಳಲ್ಲಿ ಮನೆ ಮುಂದೆ, ಕಲ್ಯಾಣಮಂಟಪದ ಅಂಗಳದಲ್ಲಿ, ಫುಟ್‌ಪಾತಿನ ಮೇಲೆ ಕಾಣುವ ಇಂಟರ್‌ಲಾಕ್ ಬ್ಲಾಕುಗಳು ಬಹುಪಾಲು ಇಂಗುಹಾಸು ಅಲ್ಲ. ಅವುಗಳ ಕೆಳಗೆ ಗಟ್ಟಿಸಿದ ವೆಟ್ ಮಿಕ್ಸ್ ಅಥವಾ ಕಾಂಕ್ರೀಟ್ ಬೆಡ್ ಇರುತ್ತದೆ, ಅದರ ಮೇಲೆ ಎಂ-ಸ್ಯಾಂಡ್, ಸಂದುಗಳಲ್ಲಿ ನುಣುಪು ಮರಳು. ಮೊದಲ ಹನಿಗಳನ್ನು ಮರಳು ಹೀರಿಕೊಳ್ಳುತ್ತದೆ, ಉಳಿದ ಮಳೆ ಇಳಿಜಾರು ಹಿಡಿದು ಚರಂಡಿಗೆ ಹೋಗುತ್ತದೆ. ‘ಸಂದಿ ಇದೆಯಲ್ಲ ಸಾರ್, ನೀರು ಇಳಿಯುತ್ತೆ’ ಎನ್ನುವ ಮೇಸ್ತ್ರಿಯ ಭರವಸೆ ಒಂದು ಜೋರು ಮಳೆಗೆ ಮುಗಿದುಹೋಗುತ್ತದೆ.

ಪದರ ಪದರವಾಗಿ

ಬ್ಲಾಕುಗಳ ಇಂಗುಹಾಸಿನಲ್ಲಿ ಮೇಲಿನಿಂದ ಕೆಳಕ್ಕೆ ಇಳಿದು ನೋಡೋಣ. ಬ್ಲಾಕ್ ಮಾಮೂಲಿ ಕಾಂಕ್ರೀಟಿನದೇ, ನೀರು ಅದರ ಮೈಯಿಂದ ಇಳಿಯುವುದಿಲ್ಲ. ಬ್ಲಾಕಿನ ಅಂಚಿನ ಮೂತಿಗಳು ಸಂದುಗಳನ್ನು ಅಗಲವಾಗಿ ಹಿಡಿದಿರುತ್ತವೆ, ಆ ಸಂದುಗಳಲ್ಲಿ ಮರಳಿನ ಬದಲು 2ರಿಂದ 5 ಮಿ.ಮೀ.ನ ಸಣ್ಣ ಚಿಪ್ಸ್ ಇರುತ್ತದೆ. ನೀರಿನ ದಾರಿ ಅದೇ. ಬ್ಲಾಕಿನ ಕೆಳಗೆ ಅದೇ ಅಳತೆಯ ಚಿಪ್ಸಿನ ಸುಮಾರು 50 ಮಿ.ಮೀ. ಹಾಸಿಗೆ. ಅದರಡಿ 100 ಮಿ.ಮೀ.ನಷ್ಟು 20 ಎಂಎಂ ಜಲ್ಲಿ. ಅದಕ್ಕೂ ಕೆಳಗೆ 40ರಿಂದ 60 ಎಂಎಂನ ದಪ್ಪ ಜಲ್ಲಿ, ಲೆಕ್ಕಕ್ಕೆ ತಕ್ಕಷ್ಟು ಆಳ. ಜಲ್ಲಿ ಒಂದೇ ಗಾತ್ರದ್ದಾಗಿದ್ದು ನಡುವೆ ಪುಡಿ ಇಲ್ಲದಿದ್ದರೆ ಅದರ ಒಟ್ಟು ಗಾತ್ರದಲ್ಲಿ ಸುಮಾರು ಶೇ. 40ರಷ್ಟು ಖಾಲಿ ಜಾಗವಿರುತ್ತದೆ. ಮಳೆ ತಂಗುವುದು ಆ ಖಾಲಿಯಲ್ಲಿ. ತಳದ ಮಣ್ಣು ತನಗೆ ಕೈಲಾದ ವೇಗದಲ್ಲಿ ಅದನ್ನು ಕುಡಿಯುತ್ತದೆ.

ಮಣ್ಣು ಕುಡಿಯುವುದು ನಿಧಾನವಾದರೆ ತೊಟ್ಟಿಯೊಳಗೆ ರಂಧ್ರಗಳಿರುವ ಪೈಪ್ ಇಡುತ್ತಾರೆ. ಅದರ ಹೊರಬಾಯನ್ನು ಮೊಣಕೈ ತಿರುವಿನಿಂದ ಮೇಲಕ್ಕೆತ್ತಿದರೆ ಅಷ್ಟು ಎತ್ತರದವರೆಗೆ ನೀರು ಒಳಗೇ ನಿಂತು ಇಂಗುತ್ತದೆ, ಹೆಚ್ಚಾದದ್ದು ಮಾತ್ರ ಚರಂಡಿಗೋ ಇಂಗುಬಾವಿಗೋ ಹೋಗುತ್ತದೆ. ಇಷ್ಟು ಅಗ್ಗದ ಒಂದು ಎಲ್ಬೋ ಮಾಡುವ ಉಪಕಾರ ದೊಡ್ಡದು. ಪೈಪನ್ನು ನೇರ ತಳದಲ್ಲೇ ತೆರೆದುಬಿಟ್ಟರೆ ನಾವು ಕಟ್ಟಿದ್ದು ಚರಂಡಿಗೆ ನೆಲದಡಿಯ ಇನ್ನೊಂದು ದಾರಿ, ಅಷ್ಟೇ.

ಬಗೆಗಳು

ಬ್ಲಾಕುಗಳಲ್ಲದೆ ಇನ್ನೂ ಮೂರು ಬಗೆ ಬಳಕೆಯಲ್ಲಿವೆ. ಸರಂಧ್ರ ಡಾಂಬರು ರೂಪುಗೊಂಡದ್ದು 1970ರ ದಶಕದ ಆರಂಭದಲ್ಲಿ, ಫಿಲಡೆಲ್ಫಿಯಾದ ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟ್‌ನಲ್ಲಿ. ಅಮೆರಿಕದ ಮ್ಯಾಸಚೂಸೆಟ್ಸ್‌ನ ವಾಲ್ಡನ್ ಕೊಳದ ಬಳಿ 1977ರಲ್ಲಿ ಹಾಕಿದ ಪಾರ್ಕಿಂಗ್ ಅಂಗಳ ಅದರ ಹಳೆಯ ಉದಾಹರಣೆಗಳಲ್ಲಿ ಒಂದು. ಹುಲ್ಲು ಬೆಳೆಯುವ ತೂತುಬ್ಲಾಕುಗಳು, ಅಂದರೆ ಗ್ರಾಸ್ ಪೇವರ್, ನಮ್ಮಲ್ಲಿ ಚಿರಪರಿಚಿತ. ದಿನವಿಡೀ ಕಾರಿನ ನೆರಳಿರುವ ಕಡೆ ಹುಲ್ಲು ಸಾಯುತ್ತದೆ. ಆಗೊಮ್ಮೆ ಈಗೊಮ್ಮೆ ಗಾಡಿ ನಿಲ್ಲುವ ಜಾಗಕ್ಕೆ ಮಾತ್ರ ಅದು ಸರಿ.

ಮೂರನೆಯದು ವಿಡಿಯೋದಲ್ಲಿ ಕಂಡ ಸರಂಧ್ರ ಕಾಂಕ್ರೀಟ್. ಸಿಮೆಂಟು, ಒಂದೇ ಗಾತ್ರದ ಸಣ್ಣ ಜಲ್ಲಿ, ಅಳೆದ ನೀರು; ಮರಳು ಇಲ್ಲವೇ ಇಲ್ಲ ಅಥವಾ ಹೆಸರಿಗಷ್ಟು. ಗಟ್ಟಿಯಾದ ಮೇಲೆ ಅದರ ಮೈಯಲ್ಲಿ ಶೇ. 15ರಿಂದ 25ರಷ್ಟು ರಂಧ್ರಗಳಿರುತ್ತವೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ:44ರ 2017ರ ಆವೃತ್ತಿಯಲ್ಲಿ ಇದರ ಮಿಶ್ರಣಕ್ಕೂ ಮಾರ್ಗಸೂಚಿ ಇದೆ. ಕಷ್ಟವಿರುವುದು ಕೈಕೆಲಸದಲ್ಲಿ. ಮಾಮೂಲಿ ಕಾಂಕ್ರೀಟಿಗೆ ಒಂದು ಬಕೆಟ್ ನೀರು ಹೆಚ್ಚು ಸುರಿದು ಸಲೀಸು ಮಾಡಿಕೊಳ್ಳುವ ಅಭ್ಯಾಸ ನಮ್ಮ ಸೈಟುಗಳಲ್ಲಿದೆ. ಇಲ್ಲಿ ಹಾಗೆ ಮಾಡಿದರೆ ಸಿಮೆಂಟಿನ ಹಾಲು ಕೆಳಗಿಳಿದು ತಳದ ರಂಧ್ರಗಳನ್ನು ಮುಚ್ಚಿಬಿಡುತ್ತದೆ. ನೀರು ಕಮ್ಮಿಯಾದರೆ ಜಲ್ಲಿ ಒಂದಕ್ಕೊಂದು ಅಂಟುವುದೇ ಇಲ್ಲ. ಅದಕ್ಕೇ ಅನುಭವಿಗಳು ಒಂದು ಹಿಡಿ ಮಿಶ್ರಣವನ್ನು ಅಂಗೈಯಲ್ಲಿ ಅಮುಕಿ ನೋಡುತ್ತಾರೆ. ಕೈ ಬಿಚ್ಚಿದಾಗ ಉಂಡೆ ಉದುರಬಾರದು, ಬೆರಳ ಸಂದಿಯಲ್ಲಿ ಹಾಲು ಇಳಿಯಲೂಬಾರದು, ಜಲ್ಲಿಯ ಮೈ ಒದ್ದೆಯಾಗಿ ಹೊಳೆಯಬೇಕು. ಹಾಸಿದ ಸುಮಾರು 20 ನಿಮಿಷದೊಳಗೆ ಪ್ಲಾಸ್ಟಿಕ್ ಹೊದಿಸಬೇಕು, ಏಳು ದಿನ ಅದನ್ನು ತೆಗೆಯುವಂತಿಲ್ಲ. ರಂಧ್ರಗಳೊಳಗೆ ಗಾಳಿಯಾಡಿ ಬೇಗ ಒಣಗುವುದರಿಂದ ಈ ಆತುರ.

ಮನೆ ಅಂಗಳ, ಅಪಾರ್ಟ್‌ಮೆಂಟ್ ಪಾರ್ಕಿಂಗಿಗೆ ನನ್ನ ಮತ ಬ್ಲಾಕುಗಳಿಗೇ. ಕೆಟ್ಟರೆ ಬಿಚ್ಚಬಹುದು, ಮತ್ತೆ ಜೋಡಿಸಬಹುದು. ಸರಂಧ್ರ ಕಾಂಕ್ರೀಟ್ ಕೆಟ್ಟರೆ ಒಡೆಯುವುದೊಂದೇ ದಾರಿ. ಅದರ ಮೇಲ್ಮೈ ಭಾರದ ಚಕ್ರ ನಿಂತಲ್ಲೇ ತಿರುಗಿದರೆ ಕಾಳುಕಾಳಾಗಿ ಕಿತ್ತುಬರುತ್ತದೆ ಕೂಡ. ಬೇಸಿಗೆಯಲ್ಲಿ ಅಪಾರ್ಟ್‌ಮೆಂಟಿನೊಳಗೆ ಬಂದು ರಿವರ್ಸ್ ತೆಗೆದುಕೊಳ್ಳುವ 12,000 ಲೀಟರ್‌ನ ನೀರಿನ ಟ್ಯಾಂಕರ್ ಹೊರುವುದು ನೀರೊಂದರದ್ದೇ 12 ಟನ್ ಭಾರ. ಟ್ಯಾಂಕರ್ ಓಡಾಡುವ ದಾರಿಯನ್ನು ಮಾಮೂಲಿ ಕಾಂಕ್ರೀಟಿನಲ್ಲಿ ಬಿಟ್ಟು ಕಾರು ನಿಲ್ಲುವ ಜಾಗವನ್ನಷ್ಟೇ ಇಂಗುಹಾಸು ಮಾಡುವುದು ಜಾಣತನ.

ಮೊದಲು ಮಣ್ಣು ನೋಡಿ

ಕರ್ನಾಟಕದಲ್ಲಿ ಮಣ್ಣು ಜಿಲ್ಲೆಯಿಂದ ಜಿಲ್ಲೆಗೆ ಬದಲಾಗುತ್ತದೆ, ಹಾಗಾಗಿ ಎಲ್ಲ ಕಡೆಗೂ ಒಂದೇ ವಿನ್ಯಾಸ ಒಗ್ಗುವುದಿಲ್ಲ. ಬೆಂಗಳೂರು, ಕೋಲಾರ, ತುಮಕೂರು ಕಡೆಯ ಕೆಂಪು ಮಣ್ಣು ನೀರನ್ನು ಮಟ್ಟಸವಾಗಿ ಒಳಬಿಡುತ್ತದೆ, ಆದರೆ ಕಟ್ಟಡ ಕೆಲಸದ ಲಾರಿ, ಜೆಸಿಬಿ ಓಡಾಡಿ ಅದುಮಿಹೋದ ಸೈಟಿನಲ್ಲಿ ಅದೇ ಮಣ್ಣು ಹೆಂಟೆಯಾಗಿ ಕೂತಿರುತ್ತದೆ. ಧಾರವಾಡದಿಂದ ಕಲಬುರಗಿಯವರೆಗೆ ಹಬ್ಬಿರುವ ಎರೆಮಣ್ಣು ಒದ್ದೆಯಾದರೆ ಉಬ್ಬುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಅದರೊಳಗೆ ಬೇಕೆಂದೇ ನೀರು ಇಂಗಿಸಿದರೆ ಹಾಸೂ ಪಕ್ಕದ ಗೋಡೆಯೂ ಅಲುಗುತ್ತವೆ. ಅಲ್ಲಿ ತಳಕ್ಕೆ ನೀರು ಬಿಡದ ಹಾಳೆ ಹಾಸಿ, ಜಲ್ಲಿಯ ತೊಟ್ಟಿಯನ್ನು ಮಳೆಯ ರಭಸ ತಡೆದು ಪೈಪಿನಲ್ಲಿ ನಿಧಾನ ಹೊರಬಿಡಲು ಮಾತ್ರ ಬಳಸಬೇಕು. ಕರಾವಳಿಯ ಜಂಬಿಟ್ಟಿಗೆ ನೀರನ್ನು ಚೆನ್ನಾಗಿ ಬಿಟ್ಟುಕೊಳ್ಳುತ್ತದೆ. ಅಲ್ಲಿ ನೋಡಬೇಕಾದ್ದು ಆಷಾಢದ ಹೊತ್ತಿಗೆ ಬಾವಿಯ ನೀರು ಎಷ್ಟು ಮೇಲೆ ಬರುತ್ತದೆ ಎಂಬುದನ್ನು. ತೊಟ್ಟಿಯ ತಳಕ್ಕೂ ಮಳೆಗಾಲದ ಅಂತರ್ಜಲ ಮಟ್ಟಕ್ಕೂ ಕನಿಷ್ಠ 60 ಸೆಂ.ಮೀ. ಅಂತರವಿರಬೇಕು.

ಪರೀಕ್ಷೆಗೆ ಪ್ರಯೋಗಾಲಯ ಬೇಕಿಲ್ಲ. ತೊಟ್ಟಿಯ ತಳ ಬರಬೇಕಾದ ಆಳಕ್ಕೆ ಎರಡು ಮೂರು ಕಡೆ ಗುಂಡಿ ತೋಡಿ, ಬದಿಯ ಮಣ್ಣನ್ನು ಕೆರೆದು ಒರಟು ಮಾಡಿ, ನೀರು ತುಂಬಿ ಒಂದು ರಾತ್ರಿ ನೆನೆಯಲು ಬಿಡಿ. ಮರುದಿನ ಮತ್ತೆ ತುಂಬಿ, ಸ್ಕೇಲು ನೆಟ್ಟು, ಗಂಟೆಗೆ ಎಷ್ಟು ಮಿಲಿಮೀಟರ್ ಇಳಿಯಿತೆಂದು ಬರೆದಿಡಿ. ಗುಂಡಿಯ ಬದಿಗಳಿಂದಲೂ ನೀರು ಹೋಗುತ್ತದೆ, ಮಣ್ಣು ವರ್ಷಗಳಲ್ಲಿ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಸಿಕ್ಕ ಸಂಖ್ಯೆಯನ್ನು ಅರ್ಧ ಮಾಡಿ ಲೆಕ್ಕಕ್ಕೆ ಹಿಡಿಯುವುದು ಕ್ಷೇಮ.

ಒಂದು ಅಂಗಳದ ಲೆಕ್ಕ

ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ಇಷ್ಟು ಗೊತ್ತಿದ್ದರೆ ಉಳಿದದ್ದು ಪ್ರಾಥಮಿಕ ಶಾಲೆಯ ಗಣಿತ. ಬೆಂಗಳೂರಿನ ಚಿಕ್ಕ ಅಪಾರ್ಟ್‌ಮೆಂಟೊಂದರಲ್ಲಿ 300 ಚ.ಮೀ. ಅಂಗಳ ಇದೆ, ಅಷ್ಟೇ ಅಳತೆಯ ಛಾವಣಿಯ ನೀರೂ ಅದಕ್ಕೇ ಬೀಳುತ್ತದೆ ಎಂದುಕೊಳ್ಳಿ. ಒಂದೇ ಪಟ್ಟಿಗೆ 50 ಮಿ.ಮೀ. ಮಳೆ ಬಂದರೆ 600 ಚ.ಮೀ.ಗೆ 30,000 ಲೀಟರ್. ಅದನ್ನು 300 ಚ.ಮೀ. ಅಂಗಳದ ಕೆಳಗೆ ಹರಡಿದರೆ 100 ಮಿ.ಮೀ. ಎತ್ತರದ ನೀರು. ಜಲ್ಲಿಯಲ್ಲಿ ಖಾಲಿ ಇರುವುದು ಶೇ. 40 ಮಾತ್ರ, ಆದ್ದರಿಂದ 250 ಮಿ.ಮೀ. ಜಲ್ಲಿ ಬೇಕು.

ಇನ್ನು ತೊಟ್ಟಿ ಖಾಲಿಯಾಗುವ ಹೊತ್ತು. ಮಣ್ಣು ಗಂಟೆಗೆ 20 ಮಿ.ಮೀ. ಕುಡಿಯಿತು, ಅರ್ಧ ಮಾಡಿ 10 ಹಿಡಿದೆವು. 100 ಮಿ.ಮೀ. ನೀರು ಹತ್ತು ಗಂಟೆಯಲ್ಲಿ ಇಂಗುತ್ತದೆ, ಮರುದಿನದ ಸಂಜೆ ಮಳೆಗೆ ತೊಟ್ಟಿ ಸಿದ್ಧ. ಅದೇ ಮಣ್ಣು ಗಂಟೆಗೆ 1 ಮಿ.ಮೀ. ಮಾತ್ರ ಕುಡಿಯುವಂಥದ್ದಾದರೆ 100 ಗಂಟೆ, ಅಂದರೆ ನಾಲ್ಕು ದಿನಕ್ಕೂ ಹೆಚ್ಚು. ತೊಟ್ಟಿ 48, ಹೆಚ್ಚೆಂದರೆ 72 ಗಂಟೆಯಲ್ಲಿ ಬರಿದಾಗಬೇಕೆಂಬುದು ಸಾಮಾನ್ಯ ನಿಯಮ. ಸೆಪ್ಟೆಂಬರಿನಲ್ಲಿ ಬೆಂಗಳೂರಿಗೆ ದಿನ ಬಿಟ್ಟು ದಿನ ಮಳೆ ಬರುವಾಗ ಈ ನಿಯಮವನ್ನು ಸಡಿಲಿಸಿದರೆ ಎರಡನೇ ಮಳೆಗೇ ತೊಟ್ಟಿ ತುಂಬಿರುತ್ತದೆ. ಒಳಪೈಪ್ ಇಡಬೇಕೆ ಬೇಡವೆ ಎಂದು ತೀರ್ಮಾನವಾಗುವುದು ಇಲ್ಲೇ.

ಹೊರಗಿನ ನೀರನ್ನು ಅಂಗಳಕ್ಕೆ ತಿರುಗಿಸುವಾಗಲೂ ಮಿತಿ ಇರಲಿ. ಹಾಸಿನ ಎರಡು ಪಟ್ಟಿಗಿಂತ ಹೆಚ್ಚು ವಿಸ್ತೀರ್ಣದ ನೀರನ್ನು ಅದರ ಮೇಲೆ ಹೇರದಿರುವುದು ಒಳ್ಳೆಯದು. ಛಾವಣಿ ನೀರು ಶುದ್ಧ. ಹಕ್ಕಿ ಹಿಕ್ಕೆ, ಎಲೆ ಸೋಸಿ ಬಿಟ್ಟರೆ ಸಾಕು. ಹೂದೋಟದ ಮಣ್ಣು ತೊಳೆದು ಬರುವ ನೀರು ಮಾತ್ರ ಒಂದು ಹನಿಯೂ ಬರಕೂಡದು.

ಇನ್ನೊಂದು ಸಂಗತಿ. 2022ರ ಸೆಪ್ಟೆಂಬರ್ 5ರ ಬೆಳಗಿನವರೆಗಿನ 24 ಗಂಟೆಯಲ್ಲಿ ಬೆಂಗಳೂರಿನಲ್ಲಿ ದಾಖಲಾದ ಮಳೆ ಸುಮಾರು 131 ಮಿ.ಮೀ. ನಮ್ಮ ಅಂಗಳಕ್ಕೆ ಅದು 78,000 ಲೀಟರಿಗೂ ಹೆಚ್ಚು. ಲೆಕ್ಕ ಹಾಕಿ ಕಟ್ಟಿದ ತೊಟ್ಟಿಯೂ ಅಂಥ ರಾತ್ರಿ ತುಂಬಿ ಹೊರಳುತ್ತದೆ. ಹೊರಳಿದ ನೀರು ಲಿಫ್ಟಿನ ಗುಂಡಿಗೆ ಹೋಗದೆ ಎಲ್ಲಿಗೆ ಹೋಗಬೇಕೆಂದು ನಕ್ಷೆಯಲ್ಲೇ ಬರೆದಿರಬೇಕು. ಇಂಗುಬಾವಿ ಒಳ್ಳೆಯ ಜಾಗ. ಬೆಂಗಳೂರಿನಲ್ಲಿ ಮಣ್ಣುವಡ್ಡರ ಸಮುದಾಯದ ಬಾವಿ ತೋಡುವವರು ಇಂದಿಗೂ ಈ ಕೆಲಸ ಮಾಡುತ್ತಾರೆ; ಬಯೋಮ್ ಟ್ರಸ್ಟ್ ಎಂಬ ಸ್ಥಳೀಯ ಸಂಸ್ಥೆ 2015ರಲ್ಲಿ ಹತ್ತು ಲಕ್ಷ ಇಂಗುಬಾವಿಗಳ ಅಭಿಯಾನ ಹೂಡಿದ್ದು ಅವರ ಕೈಚಳಕವನ್ನೇ ನಂಬಿ. ಮೇಲ್ಪದರದ ಮಣ್ಣು ಅದುಮಿಹೋಗಿರುವ ಸೈಟಿನಲ್ಲಿ ಇಂಗುಹಾಸು ಮತ್ತು ಬಾವಿಯ ಜೋಡಿ ಬರೀ ಹಾಸಿಗಿಂತ ಎಷ್ಟೋ ಪಾಲು ಮೇಲು.

ಎಲ್ಲಿ ಬೇಡ

ಪೆಟ್ರೋಲ್ ಬಂಕ್, ಗ್ಯಾರೇಜ್, ರಾಸಾಯನಿಕ ಇಳಿಸುವ ಅಂಗಳಗಳಲ್ಲಿ ಬೇಡ. ಅಲ್ಲಿ ಇಂಗುವುದು ಮಳೆಯೊಂದೇ ಅಲ್ಲ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿಹೋದ ಉದಾಹರಣೆ ನಮ್ಮ ಕಣ್ಣ ಮುಂದೆಯೇ ಇದೆ. ಒಮ್ಮೆ ಕೆಳಗಿಳಿದದ್ದನ್ನು ಮೇಲೆತ್ತುವುದು ದುಸ್ತರ. ಕುಡಿಯುವ ನೀರಿನ ಬಾವಿ, ಬೋರ್‌ವೆಲ್‌ಗಳಿಂದ 30 ಮೀಟರ್, ಕಟ್ಟಡದ ಪಾಯದಿಂದ 3 ಮೀಟರ್ ದೂರವಿರಬೇಕೆಂದು ಹಲವು ಕೈಪಿಡಿಗಳು ಹೇಳುತ್ತವೆ. 30×40ರ ಸೈಟಿನಲ್ಲಿ ಅಷ್ಟು ಜಾಗ ಎಲ್ಲಿಂದ ಬರಬೇಕು? ಅಂಥಲ್ಲಿ ಪಾಯದ ಬದಿಗೆ ಹಾಳೆ ನಿಲ್ಲಿಸಿ, ರಸ್ತೆಯ ಕಡೆಗೆ ಮಾತ್ರ ಇಂಗಿಸುವುದುಂಟು.

ಇಳಿಜಾರಿನಲ್ಲಿ ಕಷ್ಟ ಬೇರೆಯೇ. ಮೇಲ್ಮೈ ಓರೆಯಾಗಿದ್ದರೆ ಜಲ್ಲಿಯೊಳಗಿನ ನೀರೂ ಓರೆಯಾಗಿ ಹರಿದು ತಗ್ಗಿನ ತುದಿಯಲ್ಲಿ ಉಕ್ಕುತ್ತದೆ. ತಳವನ್ನು ಮೆಟ್ಟಿಲು ಮೆಟ್ಟಿಲಾಗಿ ಸಮ ಮಾಡಿ, ನಡುನಡುವೆ ಅಡ್ಡಗೋಡೆ ಕಟ್ಟಿದರೆ ಮಾತ್ರ ನೀರು ನಿಲ್ಲುತ್ತದೆ. ಕೊಡಗಿನಂಥ ಕಡಿದಾದ ಜಾಗದಲ್ಲಿ, ಅದೂ ಗುಡ್ಡ ಕಡಿದು ಮಟ್ಟ ಮಾಡಿದ ಸೈಟಿನಲ್ಲಿ, ಇಂಗಿಸುವ ಯೋಚನೆಯನ್ನೇ ಬಿಡುವುದು ಲೇಸು. 2018ರ ಆಗಸ್ಟ್‌ನಲ್ಲಿ ಕುಸಿದ ಗುಡ್ಡಗಳನ್ನು ನೋಡಿದವರಿಗೆ ನೆನೆದ ಮಣ್ಣಿನ ಭಾರ ಏನೆಂದು ಗೊತ್ತು.

ನಗರಗಳು ಮಾಡಿದ್ದು

ಬ್ರಿಟನ್ ನಿಯಮದ ದಾರಿ ಹಿಡಿಯಿತು. ಇಂಗ್ಲೆಂಡಿನಲ್ಲಿ 2008ರ ಅಕ್ಟೋಬರ್ 1ರಿಂದ ಮನೆಯ ಮುಂದಿನ ಕೈತೋಟದಲ್ಲಿ 5 ಚ.ಮೀ.ಗಿಂತ ಹೆಚ್ಚು ಜಾಗಕ್ಕೆ ನೀರಿಂಗದ ಹಾಸು ಹಾಕಿ, ನೀರನ್ನು ರಸ್ತೆಗೆ ಬಿಡುವುದಾದರೆ ಅನುಮತಿ ಬೇಕು. ಇಂಗುವ ಹಾಸಿಗೆ ಬೇಡ. ಶಿಕಾಗೊ ನಗರ 2006ರಲ್ಲಿ ಹಸಿರು ಓಣಿ ಯೋಜನೆ ಶುರುಮಾಡಿ ತನ್ನ ಹಿತ್ತಿಲ ಓಣಿಗಳಲ್ಲಿ ಕೆಲವನ್ನು ಇಂಗುಹಾಸಿಗೆ ಬದಲಿಸಿತು. ಆ ನಗರದಲ್ಲಿ ಇಂಥ ಓಣಿಗಳ ಒಟ್ಟು ಉದ್ದ ಸುಮಾರು 1,900 ಮೈಲಿ. ದೊಡ್ಡ ರಸ್ತೆಯನ್ನು ಬಿಟ್ಟು ಓಣಿಯನ್ನು ಆರಿಸಿಕೊಂಡದ್ದರಲ್ಲೇ ವಿವೇಕವಿದೆ: ಗಾಡಿ ಕಮ್ಮಿ, ವೇಗ ಕಮ್ಮಿ.

ಚೀನಾ 2015ರಲ್ಲಿ 16 ನಗರಗಳನ್ನು ಆರಿಸಿ, ಮಳೆಯನ್ನು ನಗರವೇ ಹೀರಿಕೊಳ್ಳುವಂತೆ ಮಾಡುವ ‘ಸ್ಪಾಂಜ್ ಸಿಟಿ’ ಯೋಜನೆ ಆರಂಭಿಸಿತು. 2021ರ ಜುಲೈ 20ರಂದು ಝೆಂಗ್‌ಝೌ ನಗರದಲ್ಲಿ ಒಂದೇ ಗಂಟೆಯಲ್ಲಿ 201.9 ಮಿ.ಮೀ. ಮಳೆ ಸುರಿದಾಗ ಸುರಂಗ ರೈಲಿನೊಳಗೆ ನೀರು ನುಗ್ಗಿ ಜನ ಸತ್ತರು. ಆ ನಗರವೂ ಸ್ಪಾಂಜ್ ಕಾಮಗಾರಿಗಳಿಗೆ ಹಣ ಹಾಕಿತ್ತು. ಇಂಗುಹಾಸು ವರ್ಷದ ಸಣ್ಣ, ನಡುತರದ ಮಳೆಗಳನ್ನು ನಿಭಾಯಿಸುತ್ತದೆ. ಪ್ರಳಯದ ಮಳೆಗೆ ರಾಜಕಾಲುವೆ ತೆರವಾಗಿರಬೇಕು, ಕೆರೆಗೆ ಜಾಗವಿರಬೇಕು. ಕಾಲುವೆ ಒತ್ತುವರಿಯನ್ನು ಹಾಗೇ ಬಿಟ್ಟು ಫುಟ್‌ಪಾತಿನ ಬ್ಲಾಕ್ ಬದಲಿಸಿ ಪ್ರವಾಹ ತಡೆದೆವೆಂದರೆ ಯಾರೂ ನಂಬಬೇಕಿಲ್ಲ.

ಕೆಲಸ ಕೆಡುವುದು ಶುರುವಿನಲ್ಲೇ

ಬಹಳಷ್ಟು ಇಂಗುಹಾಸುಗಳು ಕಟ್ಟುವಾಗಲೇ ಅರ್ಧ ಸತ್ತಿರುತ್ತವೆ. ಮೊದಲ ಶತ್ರು ಕ್ರಷರ್ ಧೂಳು. ನಮ್ಮಲ್ಲಿ ಜಲ್ಲಿ ಕ್ವಾರಿಯಿಂದ ಬರುವುದೇ ಬೂದು ಪುಡಿ ಮೆತ್ತಿಕೊಂಡು. ಹಾಗೇ ತುಂಬಿದರೆ ಮೊದಲ ಮಳೆಗಳು ಆ ಪುಡಿಯನ್ನು ತೊಳೆದು ತಳಕ್ಕೆ ಇಳಿಸುತ್ತವೆ, ಅಲ್ಲಿ ಅದು ಮಣ್ಣಿನ ಮೇಲೆ ಗಾರೆಯ ಹಾಗೆ ಕೂರುತ್ತದೆ. ಜಲ್ಲಿಯನ್ನು ತೊಳೆದೇ ತರಿಸಬೇಕು, ಅಥವಾ ಸೈಟಿನಲ್ಲಿ ತೊಳೆಯಬೇಕು. ಕರಾರಿನಲ್ಲಿ ಈ ಸಾಲು ಬರೆಯದಿದ್ದರೆ ಯಾರೂ ತೊಳೆಯುವುದಿಲ್ಲ. ಲಾರಿ ಬಂದಾಗ ಒಂದು ಹಿಡಿ ಜಲ್ಲಿಯನ್ನು ಗಾಜಿನ ಲೋಟದ ನೀರಿನಲ್ಲಿ ಅಲ್ಲಾಡಿಸಿ. ನೀರು ಬೂದುಬಣ್ಣಕ್ಕೆ ತಿರುಗಿದರೆ ಲಾರಿಯನ್ನು ವಾಪಸ್ ಕಳಿಸಿ.

ಎರಡನೆಯದು ರೋಲರ್. ತಳದ ಮಣ್ಣನ್ನು ರಸ್ತೆಯ ಹಾಗೆ ಉರುಳಿಸಿ ಗಟ್ಟಿಸಿದರೆ ಇಂಗುವ ಶಕ್ತಿ ಹೋಗುತ್ತದೆ. ಆದಷ್ಟು ಗುಂಡಿಯ ಹೊರಗೆ ನಿಂತೇ ಜೆಸಿಬಿ ಅಗೆಯಬೇಕು. ಸಡಿಲ ಮಣ್ಣಿಗೆ ಬಲ ಕಮ್ಮಿ, ಅದಕ್ಕಾಗಿ ಜಲ್ಲಿಯ ದಪ್ಪ ಹೆಚ್ಚಿಸಬೇಕು. ಉರುಳಿಸುವುದು ಜಲ್ಲಿಯನ್ನು, ಮಣ್ಣನ್ನಲ್ಲ. ಮೂರನೆಯದು ಕ್ರಮ. ಇಂಗುಹಾಸು ಇಡೀ ಕಟ್ಟಡದ ಕಟ್ಟಕಡೆಯ ಕೆಲಸವಾಗಬೇಕು. ಬಣ್ಣ, ಟೈಲ್ಸ್, ಹೂದೋಟ ಎಲ್ಲ ಮುಗಿದ ಮೇಲೆ. ಟೈಲ್ಸಿನವನು ಸಿಮೆಂಟ್ ಬಕೆಟ್ ತೊಳೆದು ಚೆಲ್ಲಿದ ಜಾಗ ಆಮೇಲೆ ಯಾವ ಯಂತ್ರಕ್ಕೂ ತೆರೆಯುವುದಿಲ್ಲ.

ಕಟ್ಟುವಾಗಲೇ ಒಂದು ಮೂಲೆಯಲ್ಲಿ ತಳದವರೆಗೆ ಹೋಗುವ, ಮೇಲೆ ಮುಚ್ಚಳವಿರುವ ನಾಲ್ಕಿಂಚಿನ ಪೈಪ್ ನಿಲ್ಲಿಸಿಬಿಡಿ. ತೊಟ್ಟಿಯೊಳಗೆ ಇಣುಕಲು ನಂತರ ಅದೊಂದೇ ಕಿಟಕಿ. ಮುಚ್ಚಳ ಭದ್ರವಾಗಿರಲಿ, ಇಲ್ಲದಿದ್ದರೆ ಸೊಳ್ಳೆಗೆ ದಾರಿ.

ಪೊರಕೆಯ ಪಾಳಿ

ನೆಲಹಾಸಿನ ಸಂದು ಮುಚ್ಚುವ ಹೂಳು ಬಹುತೇಕ ಮೇಲಿನ ಎರಡು ಮೂರು ಸೆಂಟಿಮೀಟರಿನಲ್ಲೇ ಕೂರುತ್ತದೆ. ಇದು ಒಳ್ಳೆಯ ಸುದ್ದಿ: ಮೇಲೆ ಮೇಲೆ ತೆಗೆದರೆ ಸಾಕು, ತೊಟ್ಟಿಯನ್ನು ಮುಟ್ಟಬೇಕಿಲ್ಲ. ದಿನವೂ ಒಣ ಪೊರಕೆಯಲ್ಲಿ ಗುಡಿಸಿ, ಕಸವನ್ನು ಬಾಚಿ ತೆಗೆಯಬೇಕು, ಸಂದಿಗೆ ತಳ್ಳಬಾರದು. ವರ್ಷಕ್ಕೆ ಎರಡು ಸಲ ಹೀರುವ ಯಂತ್ರ. ಅಪಾರ್ಟ್‌ಮೆಂಟಿಗೆ ಒದ್ದೆ, ಒಣ ಎರಡನ್ನೂ ಎಳೆಯುವ ವ್ಯಾಕ್ಯೂಮ್ ಸಾಕಾಗುತ್ತದೆ, ರಸ್ತೆಗೆ ಹೀರಿಕೊಂಡು ಗುಡಿಸುವ ಲಾರಿಯೇ ಬೇಕು. ಬರೀ ಬ್ರಷ್ ತಿರುಗಿಸುವ ಯಂತ್ರ ಧೂಳನ್ನು ಎಬ್ಬಿಸಿ ಮತ್ತೆ ಸಂದಿಗೇ ತುಂಬುತ್ತದೆ. ರಭಸದ ನೀರಿನ ಪೈಪು ಹಿಡಿಯುವುದೂ ತಪ್ಪು. ಹೂಳು ಕೈಗೆಟುಕದ ಆಳಕ್ಕೆ ಇಳಿಯುತ್ತದೆ.

ಯಾವಾಗ ಹೀರಿಸಬೇಕು ಎನ್ನುವುದನ್ನು ಊರಿನ ಮರಗಳೂ ಮಳೆಯೂ ಹೇಳುತ್ತವೆ. ಬೆಂಗಳೂರಿನಲ್ಲಿ ಎಲೆ ಉದುರುವ ಕಾಲ ಮುಗಿದು, ಹೊಂಗೆಯ ಹೂವು ನೆಲಕ್ಕೆ ಚೆಲ್ಲಿ, ಮಾವಿನ ಮಳೆ ಜೋರಾಗುವ ಮೊದಲು ಒಮ್ಮೆ. ಸೆಪ್ಟೆಂಬರಿನ ದೊಡ್ಡ ಮಳೆಗೆ ಮುಂಚೆ ಆಗಸ್ಟಿನಲ್ಲಿ ಇನ್ನೊಮ್ಮೆ. ಹೊಂಗೆ ಹೂವು ಚಂದವೇ, ಆದರೆ ಒದ್ದೆಯಾಗಿ ತುಳಿದರೆ ಸಂದುಗಳಿಗೆ ಮೆತ್ತುವುದರಲ್ಲಿ ಅದಕ್ಕೆ ಸಮ ಇಲ್ಲ.

ಪರದೇಶದ ಕೈಪಿಡಿಗಳಲ್ಲಿ ಸಿಗದ ಒಂದೆರಡು ಅಪಾಯಗಳು ನಮ್ಮವು. ರಂಗೋಲಿ ಪುಡಿ ನುಣ್ಣನೆಯ ಕಲ್ಲಿನ ಹಿಟ್ಟು. ದಿನಾ ಬೆಳಗ್ಗೆ ಸಗಣಿ ನೀರು ಹಾಕಿ ಸಾರಿಸಿ ರಂಗೋಲಿ ಬಿಡುವ ಬಾಗಿಲ ಮುಂದೆ ಇಂಗುಹಾಸು ಒಂದು ವರ್ಷವೂ ಬಾಳದು. ರಂಗೋಲಿ ನಿಲ್ಲಿಸಿ ಎನ್ನಲು ನಾವ್ಯಾರು? ಹೊಸ್ತಿಲ ಮುಂದಿನ ನಾಲ್ಕಡಿಗೆ ಮಾಮೂಲಿ ಕಲ್ಲುಚಪ್ಪಡಿ ಹಾಕಿ, ಅದರ ನೀರು ಗಿಡಗಳ ಪಾತಿಗೆ ಹೋಗುವಂತೆ ಮಾಡಿದರಾಯಿತು. ಎರಡನೆಯದು ನೆರೆಮನೆ ಕಟ್ಟುವವರ ಎಂ-ಸ್ಯಾಂಡ್ ರಾಶಿ. ಒಂದು ಲೋಡು ಮರಳು ವಾರ ಕಾಲ ಬಿದ್ದಿದ್ದು ಮಳೆಗೆ ಹರಿದರೆ ಆ ಜಾಗ ಮುಗಿದಂತೆ. ಟಾರ್ಪಾಲು ಹಾಸದೆ ಏನನ್ನೂ ಸುರಿಯಬಾರದೆಂಬ ಫಲಕ ಗೇಟಿನಲ್ಲೇ ಇರಲಿ, ಸೆಕ್ಯೂರಿಟಿಯವರಿಗೆ ಕಾರಣವೂ ಗೊತ್ತಿರಲಿ.

ನೀರು ನಿಂತ ಕಲೆ ಕಂಡಲ್ಲಿ ಸಂದಿನ ಚಿಪ್ಸನ್ನು ಒಂದಿಂಚು ಕೆದಕಿ ಹೀರಿ ತೆಗೆದು, ತೊಳೆದ ಹೊಸ ಚಿಪ್ಸ್ ತುಂಬಿದರೆ ಹಾಸು ಮತ್ತೆ ಉಸಿರಾಡುತ್ತದೆ. ಅದಕ್ಕಾಗಿ ಅದೇ ಅಳತೆಯ ಹತ್ತಾರು ಚೀಲ ಚಿಪ್ಸ್ ಮೊದಲೇ ಸ್ಟೋರ್‌ರೂಮಿನಲ್ಲಿಟ್ಟಿರಬೇಕು. ಕೈಗೆ ಸಿಗದಿದ್ದಾಗ ಹೌಸ್‌ಕೀಪಿಂಗ್‌ನವರು ತುಂಬುವುದು ಮರಳನ್ನೇ.

ಇಂಗುತ್ತಿದೆಯೇ ಎಂದು ಅಳೆಯುವುದು

ಸರಂಧ್ರ ಕಾಂಕ್ರೀಟಿಗೆ ಅಮೆರಿಕದ ಮಾನಕ ಸಂಸ್ಥೆ ಎಎಸ್‌ಟಿಎಂನ ಸಿ1701, ಬ್ಲಾಕುಗಳಿಗೆ ಸಿ1781 ಎಂಬ ಪರೀಕ್ಷೆಗಳಿವೆ. ಎರಡರ ಮೂಲವೂ ಒಂದೇ, ಮನೆಯಲ್ಲೂ ಅಂದಾಜಿಗೆ ಮಾಡಬಹುದು. 300 ಮಿ.ಮೀ. ವ್ಯಾಸದ, ತಳವಿಲ್ಲದ ಬಳೆಯನ್ನು ನೆಲಕ್ಕೆ ಕೂರಿಸಿ ಅಂಚಿಗೆ ಪ್ಲಂಬರನ ಪುಟ್ಟಿ ಮೆತ್ತಬೇಕು. ಮೊದಲು 3.6 ಲೀಟರ್ ನೀರು ಹುಯ್ದು ನೆನೆಸಬೇಕು. ಅದು 30 ಸೆಕೆಂಡಿನೊಳಗೆ ಇಳಿದರೆ ನಿಜವಾದ ಪರೀಕ್ಷೆಗೆ 18 ಲೀಟರ್, ಇಲ್ಲವಾದರೆ ಮತ್ತೆ 3.6 ಲೀಟರ್. ಸುರಿಯುವಾಗ ಬಳೆಯೊಳಗೆ ನೀರಿನ ಎತ್ತರ 10ರಿಂದ 15 ಮಿ.ಮೀ. ಮಾತ್ರ ಇರುವಂತೆ ಕೈ ಹದ ಹಿಡಿಯಬೇಕು. 18 ಲೀಟರ್ ಒಂದು ನಿಮಿಷದಲ್ಲಿ ಇಳಿದರೆ ಗಂಟೆಗೆ ಸುಮಾರು 15,000 ಮಿ.ಮೀ. ವೇಗ, ಹೊಸ ಹಾಸಿನಲ್ಲಿ ಇದು ಅಪರೂಪವಲ್ಲ. ಗಂಟೆಗೆ 250 ಮಿ.ಮೀ.ಗೆ ಇಳಿದರೆ ಸಂದು ಬಿಚ್ಚಿ ಶುಚಿ ಮಾಡುವ ಹೊತ್ತು ಬಂತೆಂದು ಅರ್ಥ. ಆ ಮಟ್ಟದಲ್ಲಿ 3.6 ಲೀಟರ್ ಇಂಗಲು ಸುಮಾರು 12 ನಿಮಿಷ ಹಿಡಿಯುತ್ತದೆ.

ನಮ್ಮ ಊರಿನಲ್ಲಿ ಒಂದೇ ಗಂಟೆಯಲ್ಲಿ 250 ಮಿ.ಮೀ. ಮಳೆ ಬರುವುದಿಲ್ಲ, ಮತ್ತೇಕೆ ಈ ಆತಂಕ ಎನ್ನಬಹುದು. ಹಾಸು ಒಂದೇ ಸಮ ಮುಚ್ಚಿಕೊಳ್ಳುವುದಿಲ್ಲ. ತಗ್ಗಿನ ಅಂಚು, ಗಾಡಿ ಚಕ್ರದ ಜಾಡು, ಛಾವಣಿ ಪೈಪಿನ ಬಾಯಿ ಮೊದಲು ಕಟ್ಟುತ್ತವೆ, ನೀರು ಬಂದು ಸೇರುವುದೂ ಅಲ್ಲಿಗೇ. ಆದ್ದರಿಂದ ಪರೀಕ್ಷೆಯನ್ನೂ ಅಲ್ಲೇ ಮಾಡಬೇಕು. ಮೇಲ್ಮೈ ಚೆನ್ನಾಗಿದ್ದೂ ಇಣುಕು ಪೈಪಿನಲ್ಲಿ ಮಳೆ ನಿಂತು ಮೂರು ದಿನವಾದರೂ ನೀರು ಕಂಡರೆ ತೊಂದರೆ ತಳದಲ್ಲಿದೆ. ಆಗ ಮೊದಲು ಹೊರಪೈಪಿನ ಬಾಯಿ ಕಟ್ಟಿದೆಯೇ ನೋಡಿ, ಆಮೇಲೆ ಮುಂದಿನ ಮಾತು.

ಅಗೆದು ಮುಚ್ಚುವಾಗ

ನೀರಿನ ಪೈಪು ಒಡೆದೋ, ಕೇಬಲ್ ಎಳೆಯಲೋ ಒಂದಲ್ಲ ಒಂದು ದಿನ ಹಾಸನ್ನು ಅಗೆಯುತ್ತಾರೆ. ಬ್ಲಾಕುಗಳನ್ನು ಒಂದೊಂದಾಗಿ ಎತ್ತಿ ಜೋಡಿಸಿಡಬಹುದು, ಇದೇ ಅವುಗಳ ದೊಡ್ಡ ಅನುಕೂಲ. ಚಿಪ್ಸ್, 20 ಎಂಎಂ, 40 ಎಂಎಂ ಜಲ್ಲಿಗಳನ್ನು ಬೇರೆಬೇರೆ ಟಾರ್ಪಾಲಿನ ಮೇಲೆ ಗುಡ್ಡೆ ಹಾಕಿ, ಅಗೆದ ಮಣ್ಣನ್ನು ಅವುಗಳಿಂದ ದೂರ ಇರಿಸಬೇಕು. ಮುಚ್ಚುವಾಗ ಜಲ್ಲಿಯನ್ನು ಅದೇ ವರಸೆಯಲ್ಲಿ ಹಿಂದಕ್ಕೆ ತುಂಬಿ, ಮಣ್ಣು ಬೆರೆತ ಪಾಲನ್ನು ಎಸೆದು ತೊಳೆದ ಹೊಸ ಜಲ್ಲಿ ಹಾಕಬೇಕು. ಇಲ್ಲದಿದ್ದರೆ ಕೆಲಸದವರು ಎಲ್ಲವನ್ನೂ ಕಲಸಿ ಗುಂಡಿಗೆ ತಳ್ಳಿ, ಮೇಲೆ ಬ್ಲಾಕ್ ಜೋಡಿಸಿ ಹೋಗುತ್ತಾರೆ. ಮೇಲಿನಿಂದ ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ, ಬಿಲ್ಲೂ ಪಾಸಾಗುತ್ತದೆ. ಹಾಗಾಗಿ ಗುಂಡಿ ತೆರೆದಿರುವಾಗಲೇ ಪ್ರತಿ ಪದರದ ಫೋಟೋ ತೆಗೆಸಿ, ಮುಚ್ಚಿದ ಮೇಲೆ ಅದೇ ಜಾಗದಲ್ಲಿ ಬಳೆ ಕೂರಿಸಿ ನೀರು ಹುಯ್ದು ನೋಡಿ, ಆನಂತರವೇ ಹಣ ಕೊಡುವುದೆಂದು ಕರಾರಿನಲ್ಲಿ ಬರೆಸಿಕೊಳ್ಳಬೇಕು.